ಗೋಡೆಯ ಮೇಲೆ ಯಾರ ಹೆಸರು?

ಓಡಿ ಗೆದ್ದವರಿಗೆ, ಭಾರ ಎತ್ತಿದವರಿಗೆ ಹಾರ ಹಾಕುವುದು ಒಳ್ಳೆಯದೇ. ಬೇಡ ಅನ್ನುವವರು ನಾವಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಕಬಡ್ಡಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು; 2014ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು. ಕುಂದಾಪುರ ಕಡೆಯ ಗುರುರಾಜ ಪೂಜಾರಿ, ಡ್ರೈವರ್ ಒಬ್ಬರ ಮಗ, ಭಾರ ಎತ್ತಿ 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ತಂದರು, 2022ರಲ್ಲಿ ಕಂಚು ತಂದರು. ಬೀಡು, ಗುತ್ತಿನ ಮನೆಗಳ ಮಕ್ಕಳಲ್ಲ ಇವರು. ದುಡಿದು ತಿನ್ನುವವರ ಮಕ್ಕಳು. ಉಡುಪಿಯಲ್ಲೋ ಮಣಿಪಾಲದಲ್ಲೋ ಕ್ರೀಡಾಪಟುಗಳ ಕೀರ್ತಿಗೋಡೆ, ಹಾಲ್ ಆಫ್ ಫೇಮ್ ಅನ್ನುತ್ತಾರಲ್ಲ, ಅಂಥದ್ದು ಎದ್ದರೆ ಇವರ ಹೆಸರು ಮೇಲಿನ ಸಾಲಿನಲ್ಲೇ ಇರಲಿ.

ಕಂಬಳದವರ ಹೆಸರೂ ಇರಲಿ. 2020ರ ಫೆಬ್ರವರಿ ನಿಮಗೆ ನೆನಪುಂಟಲ್ಲ? ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದೇ ತಿಂಗಳು ಬಜಗೋಳಿಯ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ 143 ಮೀಟರ್ ದೂರವನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಪತ್ರಿಕೆಯವರು ಅದನ್ನೆಲ್ಲ ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು. ಕಟ್ಟಡ ಕೆಲಸ ಮಾಡುತ್ತಿದ್ದ ಗೌಡರನ್ನು ಮುಖ್ಯಮಂತ್ರಿ ಕರೆಸಿ 3 ಲಕ್ಷ ರೂಪಾಯಿ ಕೊಟ್ಟರು. ಕೆಸರಲ್ಲಿ ಓಡಿದ ಕೂಲಿಕಾರನನ್ನು ದೇಶ ತಿರುಗಿ ನೋಡಿತು. ಸಂತೋಷವೇ.

ಆದರೆ ನಮ್ಮದೊಂದು ಪ್ರಶ್ನೆ ಉಂಟು. ಆ ಕೆಸರಿನಲ್ಲಿ ಕೋಣಕ್ಕಿಂತ ಮೊದಲು ಓಡಿದವರು ಯಾರು?

ಕೊರಗರು. ಕೋಣ ಇಳಿಯುವ ಮುಂಚೆ ಕೊರಗರನ್ನು ಕರೆಗೆ ಇಳಿಸಿ ಕೋಣದ ಹಾಗೆ ಓಡಿಸುತ್ತಿದ್ದರು. ಕಂಬಳದ ಹಿಂದಿನ ರಾತ್ರಿ 'ಪನಿ ಕುಲ್ಲುನಿ', ಅಂದರೆ ಇಬ್ಬನಿಯಲ್ಲಿ ಕೂರುವುದು. ರಾತ್ರಿ ಹೊತ್ತು ಬಯಲಲ್ಲಿ ಕೂತು ವಾದ್ಯ ಬಾರಿಸಿ ಹಾಡಬೇಕು. ಎಡ್ಗರ್ ಥರ್ಸ್ಟನ್ ಎಂಬ ಮದ್ರಾಸಿನ ಬ್ರಿಟಿಷ್ ಅಧಿಕಾರಿ 1909ರ ಗ್ರಂಥದಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಬೆಳಗಾದ ಮೇಲೆ ಬಹುಮಾನ ಮಾತ್ರ ಕೋಣದ ಯಜಮಾನರಿಗೆ.

'ಅದೆಲ್ಲ ಕಟ್ಟುಕತೆ, ಹಾಗೇನೂ ಇರಲಿಲ್ಲ' ಅನ್ನುವವರು ಸಿಗುತ್ತಾರೆ. ಅವರಿಗೆ ಕರ್ನಾಟಕದ 2000ದ ಅಜಲು ಪದ್ಧತಿ ನಿಷೇಧ ಕಾಯಿದೆ ತೋರಿಸಿ. ಅಜಲು ಎಂದರೆ ಏನು ಎಂದು ಅದರಲ್ಲೇ ಬರೆದಿದೆ. ಕೊರಗರನ್ನು ಕೀಳಾಗಿ ಕಾಣುವುದು, ಸಂಬಳ ಕೊಡದೆ ದುಡಿಸುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣದಂತೆ ಓಡಿಸುವುದು. ನಡೆಯದೇ ಇದ್ದದ್ದಕ್ಕೆ ಯಾವ ಸರ್ಕಾರವಾದರೂ ನಿಷೇಧ ಹಾಕುತ್ತದೆಯೇ? ಗೌಡರ ಓಟಕ್ಕೆ ಸ್ಟಾಪ್ ವಾಚ್ ಸಾಕ್ಷಿ. ಕೊರಗರ ಓಟಕ್ಕೆ ನಿಷೇಧದ ಕಾಯಿದೆಯೇ ಸಾಕ್ಷಿ.

ಇನ್ನೊಂದು ಲೆಕ್ಕ ಕೇಳಿ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯಿದೆ 1960ರದ್ದು. ಕೋಣದ ಬೆನ್ನಿನ ಬಾರುಕೋಲಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ತೀರ್ಪಿನಿಂದ ಕಂಬಳಕ್ಕೆ ತಡೆ ಬಂತು, 2017ರಲ್ಲಿ ಜನ ಬೀದಿಗಿಳಿದರು, ಸರ್ಕಾರ ಕಾನೂನು ತಿದ್ದಿತು, 2023ರ ಮೇ 18ರಂದು ಕೋರ್ಟು ಆ ತಿದ್ದುಪಡಿಯನ್ನು ಒಪ್ಪಿತು. ಕೋಣದ ನೋವಿನ ಬಗ್ಗೆ ಚರ್ಚೆ ಆಗಲಿ, ಆಗಬೇಕಾದದ್ದೇ. ಆದರೆ ಮನುಷ್ಯನನ್ನು ಕೋಣ ಮಾಡಬಾರದು ಎಂದು ಹೆಸರು ಹಿಡಿದು ಹೇಳಲು 2000 ಇಸವಿ ಬರಬೇಕಾಯಿತು. ಅಸ್ಪೃಶ್ಯತೆ ಅಪರಾಧ ಎಂಬ 1955ರ ಕಾಯಿದೆ ಇದ್ದೂ, ದೌರ್ಜನ್ಯ ತಡೆಯುವ 1989ರ ಕಾಯಿದೆ ಇದ್ದೂ!

'ಹಳೇ ಕತೆ ಎಂತಕ್ಕೆ ಕೆದಕುವುದು ಮಾರಾಯ್ರೆ?' ಅನ್ನುತ್ತಾರೆ. ಕೀರ್ತಿಗೋಡೆ ಎನ್ನುವುದೇ ಹಳೇ ಕತೆ ಬರೆಯುವ ಜಾಗ ಅಲ್ವಾ? ಗೆದ್ದವರ ಹಳೇ ಕತೆ ಆಗಬಹುದು, ತುಳಿಸಿಕೊಂಡವರದ್ದು ಆಗಬಾರದೋ?

ನಮ್ಮವರೇ ಕೆಲವರು ಬೇರೆ ಮಾತು ಹೇಳುತ್ತಾರೆ. ಆಗಿರುವ ಅವಮಾನವನ್ನು ಮತ್ತೆ ಗೋಡೆಗೆ ಅಂಟಿಸಬೇಕಾ ಎಂದು. ಇದು ಯೋಚಿಸಬೇಕಾದ ಮಾತು. ಕೊರಗರ ಆ ಓಟಕ್ಕೆ ಹಾರ ಹಾಕಿ 'ಜಾನಪದ ಕ್ರೀಡೆ' ಎಂದು ಕರೆದರೆ ಅದು ಎರಡನೇ ಅಜಲು. ಅದು ಆಟ ಅಲ್ಲ, ಅಪರಾಧ. ಅಪರಾಧ ಎಂದೇ ಬರೆಯಬೇಕು. ನಾಚಿಕೆ ಓಡಿದವನದ್ದಲ್ಲ, ಓಡಿಸಿದವನದ್ದು. ಬರೆಯುವುದೋ ಬೇಡವೋ, ಯಾವ ಮಾತಿನಲ್ಲಿ ಬರೆಯುವುದು ಎಂದು ಮೊದಲು ಕೊರಗ ಬಂಧುಗಳನ್ನೇ ಕೇಳಬೇಕು. ಸಮಿತಿಯ ದೊಡ್ಡವರು ಕೂತು ತೀರ್ಮಾನಿಸುವುದಲ್ಲ.

ಗೆದ್ದವನಿಗೂ ಜಾತಿ ಬಾಗಿಲು ಹಾಕುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಹುಟ್ಟಿದವನ ಉದಾಹರಣೆ ಉಂಟು. ಪಲ್ವಾಂಕರ್ ಬಾಲೂ, ಚಮ್ಮಾರ ಜಾತಿಯವನು, 1876ರಲ್ಲಿ ಧಾರವಾಡದಲ್ಲಿ ಹುಟ್ಟಿದವನು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಚೆಂಡೆಸೆದು 114 ವಿಕೆಟ್ ಕಿತ್ತ. ಊರಲ್ಲಿ ಮಾತ್ರ ಜೊತೆ ಆಟಗಾರರು ಒಳಗೆ ಚಹಾ ಕುಡಿದರೆ ಇವನಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲೇ ಇಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. ಚೆಂಡು ಮುಟ್ಟಬಹುದು, ಕಪ್ಪು ಮುಟ್ಟಬಾರದು! ಅಷ್ಟು ದೊಡ್ಡ ಬೌಲರ್‌ಗೇ ಹೀಗಾದರೆ, ಸ್ಟಾಪ್ ವಾಚೇ ಕಾಣದ ಕೊರಗ ಹುಡುಗನ ಗತಿ ಏನು?

ಆದ್ದರಿಂದ ಗೋಡೆ ಕಟ್ಟುವವರಿಗೆ ನಾವು ಹೇಳುವುದಿಷ್ಟು. ಗೋಡೆಯಲ್ಲಿ ಕಂಬಳದ ಹೆಸರು ಬಂದ ಕಡೆ ಅಜಲಿನ ಮಾತೂ ಬರಲಿ, ಇಸವಿ ಸಮೇತ. ಗೋಡೆಗೆ ಹಾಕುವ ಕಲ್ಲಿನ ದುಡ್ಡಿನಲ್ಲಿ ಒಂದು ಪಾಲು ಕೊರಗರ ಕಾಲೊನಿಗಳ ಹತ್ತಿರ ಆಟದ ಬಯಲಿಗೆ ಹೋಗಲಿ. ಅಲ್ಲಿನ ಹುಡುಗ ಹುಡುಗಿಯರನ್ನು ತರಬೇತಿಗೆ ಕರೆಯಿರಿ. ಬಸ್ ಚಾರ್ಜು, ಬೂಟು, ಮೊಟ್ಟೆ, ಹಾಲು ಕೊಡಿ. ಅವರ ಓಟಕ್ಕೂ ಗಡಿಯಾರ ಹಿಡಿಯಿರಿ. ಮಣಿಪಾಲದ ದೊಡ್ಡ ಒಳಾಂಗಣ ಕ್ರೀಡಾಂಗಣದ ಬಾಗಿಲು, ಅಜ್ಜರಕಾಡು ಮೈದಾನದ ಗೇಟು ಅವರಿಗೂ ತೆರೆದಿರಲಿ.

ಮಿಯ್ಯಾರು, ಕಟಪಾಡಿ, ಅಡ್ವೆ ಕಂಬಳಗಳಿಗೆ ಹೋಗುವ ಗೆಳೆಯರೆ, ಹೋಗಿ, ನೋಡಿ, ಚಪ್ಪಾಳೆ ಹೊಡೆಯಿರಿ. ಆದರೆ ಕೋಣ ಕರೆಗೆ ಇಳಿಯುವ ಮೊದಲು ಒಂದು ಗಳಿಗೆ ಆ ಖಾಲಿ ಕೆಸರನ್ನು ನೋಡಿ. ಪಕ್ಕದವನಿಗೆ ಹೇಳಿ, ಇಲ್ಲಿ ಮೊದಲು ಓಡಿದವರು ಯಾರು ಎಂದು. ಗೋಡೆ ಯಾವಾಗ ಏಳುತ್ತದೋ ಏಳಲಿ, ಬಾಯಿಂದ ಬಾಯಿಗೆ ಈ ಮಾತು ಇವತ್ತೇ ಹೋಗಲಿ.