ಮಣೆಯ ಮುಂದೆ ಕುಳಿತ ಮಗು

ಚದುರಂಗವು ಕನ್ನಡಿಗರಿಗೆ ಹೊಸದಲ್ಲ. ಲಂಡನ್ನಿನಲ್ಲಿ 1851ರಲ್ಲಿ ಪ್ರಥಮ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದು ಜರ್ಮನಿಯ ಆಂಡರ್ಸನ್ ವಿಜಯಿಯಾದರು. ಅದೇ ಯುಗದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳಲ್ಲಿ ಕುದುರೆ ನಡೆಯ ಬಂಧಗಳನ್ನು ರಚಿಸಿದರು. 2004ರಲ್ಲಿ ಅಹಮದಾಬಾದಿನ ತೇಜಸ್ ಬಾಕ್ರೆ ಗುಜರಾತಿನ ಪ್ರಥಮ ಗ್ರಾಂಡ್‌ಮಾಸ್ಟರ್ ಆದರು. ಬೋಡಕ್‌ದೇವ್‌ನ ಕನ್ನಡ ಮನೆಗಳಲ್ಲಿ ಮಕ್ಕಳು ಚದುರಂಗದ ಮಣೆಯ ಮುಂದೆ ಕುಳಿತರೆ ಅದು ಸಂತೋಷದ ವಿಷಯವೇ ಸರಿ. ಆದರೆ ಪಂದ್ಯ ಸಮೀಪಿಸಿತೆಂದು ಮಗುವಿನ ಸಂಜೆಯ ಓಟವನ್ನೂ ರಾತ್ರಿಯ ನಿದ್ರೆಯನ್ನೂ ಕಡಿತಗೊಳಿಸುವುದು ತಪ್ಪು ನಡೆ.

ಇದಕ್ಕೆ ಇತಿಹಾಸವೇ ಸಾಕ್ಷಿ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ಎದುರಾದಾಗ, ಮೊದಲು ಆರು ಆಟ ಗೆದ್ದವರಿಗೆ ಪಟ್ಟವೆಂಬ ನಿಯಮವಿತ್ತು. 27 ಆಟಗಳಾಗುವಷ್ಟರಲ್ಲಿ ಕಾರ್ಪೋವ್ ಐದನ್ನು ಗೆದ್ದಿದ್ದರು. ಎದುರಾಳಿಗೆ ಒಂದೂ ಇಲ್ಲ. ಆದರೂ ಕಾಸ್ಪರೋವ್ ಸೋಲದಿರುವುದನ್ನೇ ತಂತ್ರವಾಗಿಸಿಕೊಂಡರು. ಆ ಆರನೆಯ ಗೆಲುವು ಕಾರ್ಪೋವರ ಕೈಗೆ ದಕ್ಕಲೇ ಇಲ್ಲ. ಕಾಸ್ಪರೋವ್ ಮೂರು ಆಟ ಗೆದ್ದರು. ಅವುಗಳಲ್ಲಿ ಎರಡು ಕೊನೆಯ 47, 48ನೆಯವು. ಉಳಿದ 40 ಆಟಗಳು ಸಮ. 1985ರ ಫೆಬ್ರವರಿಯಲ್ಲಿ ಆಟಗಾರರ ಬಳಲಿಕೆಯ ಕಾರಣ ನೀಡಿ ಫಿಡೆ ಅಧ್ಯಕ್ಷರು ಪಂದ್ಯವನ್ನೇ ನಿಲ್ಲಿಸಿದರು. ಮುಂದಿನ ಪಂದ್ಯಕ್ಕೆ 24 ಆಟಗಳ ಮಿತಿ ಬಂತು. ಅದರಲ್ಲಿ 22ರ ಹರೆಯದ ಕಾಸ್ಪರೋವ್ ಜಗಜ್ಜೇತರಾದರು.

ಜಗತ್ತಿನ ಶ್ರೇಷ್ಠರನ್ನೇ ಬಳಲಿಸಿದ ಆಟವಿದು. ಹತ್ತು ವರ್ಷದ ಮಗುವಿನ ದೇಹ ಎಷ್ಟು ತಾಳೀತು? ಸಮಯ ಸಾಲದೆಂಬ ಪಾಲಕರ ಅಳಲು ಸಹಜ. ಆದರೆ ದಣಿದ ಕಣ್ಣಿಗೆ ಎದುರಿನ ಆನೆಯೂ ಕಾಣದು. ಕಾಲಾಳೊಂದನ್ನು ಉಳಿಸಲು ರಾಜನನ್ನೇ ಒಪ್ಪಿಸುವವನನ್ನು ಯಾರೂ ಜಾಣನೆನ್ನುವುದಿಲ್ಲ. ಮಗುವಿನ ಆರೋಗ್ಯವೇ ಆ ರಾಜ. ಅದನ್ನು ಕಾಪಾಡುವುದು ಹಿರಿಯರ ಹೊಣೆ.