ಲಕ್ಷ್ಯವೂ ಅಲಕ್ಷ್ಯವೂ

ಮುಂದೆ ಗುರಿಯಿರಬೇಕು, ಹಿಂದೆ ಗುರುವಿರಬೇಕು ಎಂಬುದು ನಮ್ಮ ನಾಡಿನ ಹಿರಿಯರ ಮಾತು. ಈ ವರ್ಷದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಶಾಲೆಯ ಹತ್ತನೆಯ ತರಗತಿಯ ನಾಲ್ವರು ಬಾಲಕರು ರಚಿಸಿದ ಯಂತ್ರದ ಮುಂದೆ ಗುರಿಯಂತೂ ಇದ್ದಿತು. ಹಿಂದೆ ಗುರುಗಳಾದ ನಾವು ಇದ್ದೆವೇ ಎಂಬುದೇ ಈ ಲೇಖನದ ಜಿಜ್ಞಾಸೆ.

ಯೋಜನೆಯ ಆಂಗ್ಲ ಹೆಸರನ್ನು ಕನ್ನಡಿಸಿಕೊಡಬೇಕೆಂದು ಆ ಬಾಲಕರು ನನ್ನಲ್ಲಿಗೆ ಬಂದರು. ವ್ಯಾಕರಣ, ಛಂದಸ್ಸು, ಅಲಂಕಾರಗಳಲ್ಲಿಯೇ ಆಯುಷ್ಯದ ಹೆಚ್ಚಿನ ಪಾಲನ್ನು ಕಳೆದ ನಾನು ಯಂತ್ರವಿದ್ಯೆಯಲ್ಲಿ ಅಜ್ಞ. ವಸ್ತುವನ್ನರಿಯದೆ ನಾಮಕರಣ ಮಾಡುವುದು ಯುಕ್ತವಲ್ಲವೆಂದು, ಮೊದಲು ಅದರ ಮರ್ಮವನ್ನು ತಿಳಿಸಿರೆಂದು ಕೇಳಿದೆನು. ಅವರು ಉತ್ಸಾಹದಿಂದ ತಿಳಿಸಿದರು. ಆ ಹೊತ್ತು ನಾನೇ ಶಿಷ್ಯನಾದೆನು.

೧೮೦೦ರಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳಜ್ಞ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಒಡೆದ ಬಣ್ಣಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ನೋಡಿದನು. ಕೆಂಪಿನ ಆಚೆಗೆ, ಕಣ್ಣಿಗೆ ಏನೂ ತೋರದ ಎಡೆಯಲ್ಲಿಯೂ ಉಷ್ಣಮಾಪಕವು ಮೇಲೇರಿತು. ಅದೇ ಅವಕೆಂಪು ಕಿರಣ. ಬಿಸಿಯುಳ್ಳ ಸಕಲ ವಸ್ತುಗಳೂ ಇದನ್ನು ಸೂಸುತ್ತವೆ. ನಮ್ಮ ಮೈಯೂ ಹಗಲಿರುಳೆನ್ನದೆ ಸೂಸುತ್ತಿದೆ. ಬಾಲಕರು ತಂದಿದ್ದ ಉಗುರಿನಗಲದ ಸಂವೇದಕವು ಈ ಕಿರಣವನ್ನು ಎಂಟಕ್ಕೆ ಎಂಟು, ಒಟ್ಟು ೬೪ ಮನೆಗಳಲ್ಲಿ ಗ್ರಹಿಸುತ್ತದೆ. ಚದುರಂಗದ ಹಲಗೆಗಿರುವಷ್ಟೇ ಮನೆಗಳು. ಯಾವ ಮನೆ ಎಲ್ಲಕ್ಕಿಂತ ಬಿಸಿಯೋ ಅದನ್ನು ಪುಟ್ಟ ಗಣಕವೊಂದು ಆರಿಸುತ್ತದೆ. ಒಂದು ಮೋಟಾರು ಎಡಬಲಕ್ಕೂ ಇನ್ನೊಂದು ಮೇಲೆ ಕೆಳಗೂ ತಿರುಗಿ, ಆ ಬಿಸಿಮನೆಯು ಹಲಗೆಯ ನಡುವೆ ಬರುವಂತೆ ಮಾಡುತ್ತವೆ. ಬಿಸಿಯಾದುದು ಸರಿದರೆ ಯಂತ್ರವೂ ಸರಿಯುತ್ತದೆ. ತತ್ತ್ವವು ಇಷ್ಟೇ, ಆದರೆ ಯಂತ್ರವು ಗುರಿಯನ್ನು ದಾಟಿ ಹಿಂದೆಮುಂದೆ ತೂಗಾಡದಂತೆ ಹತೋಟಿಗೆ ತರಲು ಆ ಹುಡುಗರು ಅನೇಕ ಸಂಜೆಗಳನ್ನು ವ್ಯಯಿಸಿದ್ದರು. ಅವರ ತಾಳ್ಮೆಗೆ ನಾನು ತಲೆದೂಗಿದೆನು.

ಈ ವಿದ್ಯೆಯ ದೊಡ್ಡ ರೂಪವು ಯುದ್ಧಭೂಮಿಯದು. ಅಮೆರಿಕದ ನೌಕಾದಳದ ಚೀನಾ ಲೇಕ್ ಕೇಂದ್ರದಲ್ಲಿ ವಿಲಿಯಂ ಮೆಕ್ಲೀನ್ ಮತ್ತು ಸಂಗಡಿಗರು ರೂಪಿಸಿದ ಸೈಡ್‌ವೈಂಡರ್ ಎಂಬ ಕ್ಷಿಪಣಿಯು ವಿಮಾನದ ಶಾಖವನ್ನೇ ಹಿಂಬಾಲಿಸಿ ೧೯೫೩ರಲ್ಲಿ ಪರೀಕ್ಷೆಯಲ್ಲಿ ಯಶಸ್ವಿಯಾಯಿತು. ಕಣ್ಣಿಗೂ ಮೂಗಿಗೂ ನಡುವಣ ಗುಳಿಗಳಿಂದ ಬೇಟೆಯ ಬಿಸಿಯನ್ನರಿಯುವ ಒಂದು ಜಾತಿಯ ಹಾವಿನ ಹೆಸರನ್ನೇ ಅದಕ್ಕಿಟ್ಟರು. ಅಂಥ ಕ್ಷಿಪಣಿಯನ್ನು ವಂಚಿಸಲು ವಿಮಾನಗಳು ಉರಿಯುವ ಬಾಣಗಳನ್ನು ಚೆಲ್ಲುತ್ತವೆ. ಹೆಚ್ಚು ಉರಿಯುವುದನ್ನು ಕಂಡು ಅದು ದಾರಿ ತಪ್ಪುವುದುಂಟು. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಪ್ರದರ್ಶನದ ದಿನ ಬಾಲಕರು ಯಂತ್ರದ ತುದಿಗೆ ಆಟಿಕೆಯ ಬಂದೂಕೊಂದನ್ನು ಕಟ್ಟಿದ್ದರು. ಪರೀಕ್ಷಕರ ಎದುರು ಒಬ್ಬ ಹುಡುಗ ಅತ್ತಿಂದಿತ್ತ ನಡೆದನು. ಬಂದೂಕು ಅವನನ್ನೇ ಅನುಸರಿಸಿತು. ಕರತಾಡನವಾಯಿತು. ಅಷ್ಟರಲ್ಲಿ ನಮ್ಮ ಶಾಲೆಯ ವೃದ್ಧ ಜವಾನರು ಅತಿಥಿಗಳಿಗಾಗಿ ಮಸಿ ಹಿಡಿದ ಕೆಟಲಿನಲ್ಲಿ ಬಿಸಿ ಚಹಾ ಹಿಡಿದು ಒಳಬಂದರು. ಯಂತ್ರವು ಹುಡುಗನನ್ನು ಬಿಟ್ಟು ಥಟ್ಟನೆ ಅವರತ್ತ ತಿರುಗಿ, ಅವರು ಹೋದಲ್ಲೆಲ್ಲ ಬೆನ್ನಟ್ಟಿತು. “ಯಾಕ್ರಿ ತಮ್ಮಾ, ನಾ ಏನ ತಪ್ಪ ಮಾಡೀನಿ?” ಎಂದು ಅವರು ನಗುತ್ತ ಕೇಳಿದರು. ಸಭೆಯೆಲ್ಲ ನಕ್ಕಿತು. ಬಾಲಕರು ಮಾತ್ರ ನಾಚಿ ತಲೆತಗ್ಗಿಸಿದರು.

ನನಗೆ ನಗು ಬರಲಿಲ್ಲ. ಸರಯೂ ನದಿಯ ದಡದ ಆ ಇರುಳು ನೆನಪಾಯಿತು. ಯುವಕನಾದ ದಶರಥನು ಶಬ್ದವೇಧಿ. ಕಣ್ಣಿಗೆ ಕಾಣದಿದ್ದರೂ ಸದ್ದು ಬಂದೆಡೆಗೆ ಬಾಣ ಬಿಡಬಲ್ಲೆನೆಂಬ ಹೆಮ್ಮೆ ಅವನದು. ಕೊಡದಲ್ಲಿ ನೀರು ತುಂಬುವ ಸದ್ದನ್ನು ಆನೆಯದೆಂದು ಬಗೆದು ಬಾಣವೆಸೆದನು. ಗುರಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಸತ್ತವನು ಕುರುಡ ತಂದೆತಾಯಿಗಳ ಏಕೈಕ ಆಸರೆಯಾದ ಮುನಿಕುಮಾರ. ವಿದ್ಯೆಯಲ್ಲಿ ದೋಷವಿರಲಿಲ್ಲ, ‘ಎಲ್ಲಿ’ ಎಂಬುದನ್ನರಿತು ‘ಯಾರು’ ಎಂಬುದನ್ನು ಕೇಳದೆ ಹೋದುದೇ ದೋಷ. ಅಂದು ನೀರಿನ ಕೊಡ, ಇಂದು ಚಹಾದ ಕೆಟಲು!

ಈ ಮಾತನ್ನು ಹೇಳಿದಾಗ ವಿಜ್ಞಾನದ ಅಧ್ಯಾಪಕ ಮಿತ್ರರು ಯಂತ್ರದ ಅಜ್ಞಾನವನ್ನು ಇನ್ನಷ್ಟು ಬಿಡಿಸಿ ತೋರಿಸಿದರು. ಐದು ಮೀಟರು ದೂರದಲ್ಲಿ ಆ ೬೪ ಮನೆಗಳ ಒಂದೊಂದು ಮನೆಯೂ ಸುಮಾರು ೬೫ ಸೆಂಟಿಮೀಟರು ಅಗಲವನ್ನು ಆವರಿಸುತ್ತದೆ. ಮನುಷ್ಯನ ಮುಖ, ಭುಜ, ಎದೆ ಎಲ್ಲವೂ ಒಂದೇ ಮನೆಯೊಳಗೆ ಅಡಗುತ್ತವೆ. ಗಾಜಿನ ಹಿಂದೆ ನಿಂತವನು ಅದಕ್ಕೆ ಕಾಣುವುದೇ ಇಲ್ಲ. ಬೇಸಿಗೆಯ ನಡುಹಗಲು ಬಿಸಿಲುಂಡ ಗೋಡೆ ಮೈಯಷ್ಟೇ ಕಾದಿದ್ದರೆ, ಅದರೆದುರು ನಿಂತವನು ಗೋಡೆಯಲ್ಲಿಯೇ ಕರಗಿಹೋಗುತ್ತಾನೆ. ಥಳಥಳಿಸುವ ಸ್ಟೀಲಿನ ಪಾತ್ರೆ ಕುದಿಯುತ್ತಿದ್ದರೂ ತಣ್ಣಗಿರುವಂತೆ ತೋರುತ್ತದೆ. ಕೆಟಲಿಗೆ ಮಸಿ ಹಿಡಿದುದರಿಂದಲೇ ನಮ್ಮ ಜವಾನರು ಗುರಿಯಾದರು!

ಇಷ್ಟು ಬೋಧಪ್ರದವಾದ ಆ ಪ್ರಸಂಗವು ಬಾಲಕರು ಒಪ್ಪಿಸಿದ ವರದಿಯಲ್ಲಿ ಎಲ್ಲಿಯೂ ಇರಲಿಲ್ಲ. ಕೇಳಿದರೆ, “ಗುರುಗಳೇ, ಅಂಕ ಕಡಿಮೆಯಾಗುತ್ತವೆಂದು ತೆಗೆದೆವು” ಎಂದರು. ಈ ಉತ್ತರವು ನನ್ನನ್ನು ಇರಿಯಿತು. ತಪ್ಪು ಮಕ್ಕಳದಲ್ಲ. ಗುರಿ ಹಿಡಿದ ಯಂತ್ರಕ್ಕೆ ಅಂಕ ಕೊಟ್ಟು, ಗುರಿ ತಪ್ಪಿದ ಕಾರಣವನ್ನು ಬರೆದವನಿಗೆ ಅಂಕ ಕಳೆಯುವ ಪದ್ಧತಿಯನ್ನು ಅವರಿಗೆ ಕಲಿಸಿದವರು ನಾವೇ.

ದೇಶರಕ್ಷಣೆಗೆ ಇಂಥ ವಿದ್ಯೆ ಬೇಡವೇ ಎಂದು ಕೆಲವರು ಕೇಳಿಯಾರು. ಬೇಕು. ಆದರೆ ಸೈನಿಕನಿಗೂ ತನ್ನವರಾರು, ಅನ್ಯರಾರು ಎಂಬ ವಿವೇಕವೇ ಮೊದಲ ಪಾಠವಷ್ಟೆ. ನಾನು ಯಂತ್ರವನ್ನು ನಿಷೇಧಿಸಿರೆನ್ನುವವನಲ್ಲ. ಅದರ ತುದಿಗೆ ಏನನ್ನು ಕಟ್ಟಬೇಕೆಂದು ವಿಚಾರಿಸಿರೆನ್ನುವವನು. ತುದಿಗೆ ದೀಪವಿದ್ದು ಯಂತ್ರ ತಪ್ಪಿದರೆ ಕೆಟಲಿನ ಮೇಲೆ ಬೆಳಕು ಬೀಳುತ್ತದೆ, ಅಷ್ಟೆ. ಬಂದೂಕಿದ್ದು ತಪ್ಪಿದರೆ ಒಂದು ಮನೆಯ ದೀಪವೇ ಆರುತ್ತದೆ. ಬಂದೂಕಿಗೆ ಬದಲು ದೀಪ ಕಟ್ಟಿದುದರಿಂದ ಕಲಿಯುವ ವಿದ್ಯೆ ಎಳ್ಳಷ್ಟೂ ಕುಂದದು. ಶಾಖವನ್ನರಿಯುವ ಕ್ಯಾಮರಾಗಳಿಂದ ಅಗ್ನಿಶಾಮಕರು ಹೊಗೆಯೊಳಗೆ ಸಿಲುಕಿದವರನ್ನು ಹುಡುಕುತ್ತಾರೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಹಣೆಯ ಬಿಸಿಯನ್ನು ಮುಟ್ಟದೆ ಅಳೆದ ಉಪಕರಣವೂ ಇದೇ ಕುಲದ್ದು. ಹುಡುಕುವ, ತೋರಿಸುವ ಕೆಲಸ ಯಂತ್ರದ್ದಾಗಲಿ. ನಿರ್ಣಯವು ಉತ್ತರ ಹೇಳಬಲ್ಲ ಮನುಷ್ಯನದಾಗಿರಲಿ. ಮುಂದಿನ ವರ್ಷದಿಂದ ಪ್ರತಿಯೊಂದು ಯೋಜನೆಯ ವರದಿಯಲ್ಲಿಯೂ ‘ಈ ಯಂತ್ರ ಅರಿಯದುದೇನು’ ಎಂಬ ಒಂದು ಪುಟ ಕಡ್ಡಾಯವಾಗಿರಲಿ, ಆ ಪುಟಕ್ಕೂ ಅಂಕವಿರಲಿ ಎಂಬುದು ಆಡಳಿತ ಮಂಡಳಿಯವರಲ್ಲಿ ನನ್ನ ವಿನಮ್ರ ಅರಿಕೆ.

ಕಡೆಗೆ ನಾನು ಕೊಟ್ಟ ಹೆಸರು: ‘ಶಾಖಗ್ರಾಹಿ ಲಕ್ಷ್ಯಾನುಸರಣ ಯಂತ್ರ’. ಲಕ್ಷ್ಯವೆಂದರೆ ಗುರಿ, ಕನ್ನಡದಲ್ಲಿ ಲಕ್ಷ್ಯವೆಂದರೆ ಗಮನವೂ ಹೌದು. ಲಕ್ಷ್ಯವಿಟ್ಟು ಓದು ಎಂದು ತಾಯಿ ಮಗುವಿಗೆ ಹೇಳುವುದು ಈ ಅರ್ಥದಲ್ಲಿಯೇ. ಗುರಿಯ ಲಕ್ಷ್ಯವನ್ನು ಯಂತ್ರ ಹಿಡಿಯಬಲ್ಲದು, ಗಮನದ ಲಕ್ಷ್ಯವನ್ನು ಮನುಷ್ಯನೇ ಕೊಡಬೇಕು. ಮೊದಲನೆಯದಿದ್ದು ಎರಡನೆಯದಿಲ್ಲದಿದ್ದರೆ ಅದಕ್ಕೆ ನಮ್ಮ ನುಡಿಯಲ್ಲಿ ಅಲಕ್ಷ್ಯವೆಂದು ಹೆಸರು. ಆ ಬಾಲಕರು ಈಗ ಕೆಟಲಿನ ಪುಟವನ್ನು ವರದಿಗೆ ಮರಳಿ ಸೇರಿಸಿದ್ದಾರೆ. ಬರೆಹವನ್ನು ತಿದ್ದಿಕೊಡಿರೆಂದು ನನಗೆ ತಂದುಕೊಟ್ಟರು. ಒಂದೆರಡು ಕಾಗುಣಿತದ ದೋಷಗಳ ಹೊರತು ಅದರಲ್ಲಿ ತಿದ್ದುವುದೇನೂ ಇರಲಿಲ್ಲ.