ಪಾಳೆಂದು ಕರೆದ ಹುಲ್ಲುಗಾವಲು

ಅಮೆರಿಕದ ನಡುನಾಡಿನ ವಿಶಾಲ ಬಯಲನ್ನು 1823ರ ನಕಾಶೆಯೊಂದು 'ಮಹಾ ಮರುಭೂಮಿ' ಎಂದು ಗುರುತಿಸಿತು. ಪಾನೀ ಜನರು ಗೋವಿನಜೋಳ ಬೆಳೆದು, ಬೈಸನ್ ಬೇಟೆಯಾಡಿ ಬಾಳುತ್ತಿದ್ದ ಸೀಮೆಯದು! ಬಿಳಿಯರ ನೇಗಿಲು ಹುಲ್ಲನ್ನು ಕಿತ್ತೆಸೆಯಿತು. 1930ರ ದಶಕದ ಬರದಲ್ಲಿ ಮಣ್ಣು ಧೂಳಾಗಿ ಮೇಲೆದ್ದಿತು.

ಸಸ್ಯವಿಜ್ಞಾನಿ ಜಾನ್ ವೀವರ್ ನೆಬ್ರಾಸ್ಕದಲ್ಲಿ ಕಂದಕ ತೋಡಿ, ಹುಲ್ಲಿನ ಬೇರುಗಳು ಆಳುದ್ದವನ್ನೂ ಮೀರಿ ಇಳಿದಿರುವುದನ್ನು ಅಳೆದು ತೋರಿಸಿದರು. ಮಣ್ಣನ್ನು ಹಿಡಿದಿಟ್ಟಿದ್ದುದೇ ಆ ಬೇರು. ಇತಿಹಾಸಕಾರ ಡೊನಾಲ್ಡ್ ವರ್ಸ್ಟರ್ 1979ರ ಗ್ರಂಥದಲ್ಲಿ ಅಪರಾಧವನ್ನು ಮಳೆಯ ತಲೆಗೆ ಕಟ್ಟಲಿಲ್ಲ, ಲಾಭಕೋರ ಬೇಸಾಯದತ್ತ ಬೆರಳು ತೋರಿದರು. ಈ ಬಯಲಿನ ಜನ, ಚರಿತ್ರೆ, ಪರಿಸರಗಳನ್ನು ಒಟ್ಟಾಗಿ ಅಭ್ಯಸಿಸಲು ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಕೇಂದ್ರವೊಂದು ಸ್ಥಾಪನೆಯಾದದ್ದು 1976ರಲ್ಲಿ. ಸ್ತುತ್ಯ ಕಾರ್ಯವೇ, ಆದರೆ ನೇಗಿಲಿಗಿಂತ ಎಷ್ಟು ತಡ! ಎತ್ತರದ ಹುಲ್ಲಿನ ಪ್ರೇರಿ ಇಂದು ನೂರಕ್ಕೆ ನಾಲ್ಕು ಪಾಲೂ ಉಳಿದಿಲ್ಲ.